ಸ್ಲ್ಯಾಷರ್ ಚಿತ್ರಕಥೆ ಕಟ್ಟುವುದು ಹೇಗೆ?

ಊರಿನಿಂದ ದೂರದ ಒಂದು ಜಾಗ, ಅಲ್ಲಿ ಒಂದು ರಾತ್ರಿ ಕಳೆಯಲು ಬಂದ ನಾಲ್ಕೈದು ಮಂದಿ ಯುವಕ ಯುವತಿಯರು, ಮುಖ ತೋರಿಸದ ಒಬ್ಬ ಕೊಲೆಗಾರ, ಒಬ್ಬರಾದ ಮೇಲೊಬ್ಬರಂತೆ ಬೀಳುವ ಹೆಣಗಳು, ಕೊನೆಗೆ ಉಳಿದುಕೊಳ್ಳುವ ಒಬ್ಬಳು. ಸ್ಲ್ಯಾಷರ್ ಎಂದು ಕರೆಯಲಾಗುವ ಭಯಾನಕ ಚಿತ್ರಗಳ ಹೊರಮೈ ಹೆಚ್ಚುಕಡಿಮೆ ಇಷ್ಟೇ. ನಟರು ಕಡಿಮೆ, ಜಾಗ ಒಂದೇ, ಖರ್ಚೂ ಹೆಚ್ಚಿಲ್ಲ ಎಂಬ ಕಾರಣಕ್ಕೆ ಮೊದಲ ಕಿರುಚಿತ್ರಕ್ಕೆ ಕೈಹಾಕುವವರಲ್ಲಿ ಅನೇಕರು ಈ ಪ್ರಕಾರವನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಹಾಗೆ ಹೊರಟ ಬಹಳಷ್ಟು ಪ್ರಯತ್ನಗಳು ಚಾಕು ಮತ್ತು ಕೆಂಪು ಬಣ್ಣಗಳಲ್ಲೇ ಮುಗಿದುಹೋಗುತ್ತವೆ, ನೋಡುವವರಿಗೆ ಭಯವೇ ಆಗುವುದಿಲ್ಲ. ಈ ಪ್ರಕಾರದ ಕಟ್ಟುಪಾಡುಗಳೆಲ್ಲವೂ ಒಂದೇ ಪ್ರಶ್ನೆಯ ಸುತ್ತ ಬೆಳೆದಿವೆ ಎಂಬುದು ನನ್ನ ದೃಢವಾದ ನಂಬಿಕೆ: ಈ ಕ್ಷಣದಲ್ಲಿ ಯಾರಿಗೆ ಏನು ಗೊತ್ತಿದೆ? ಪ್ರೇಕ್ಷಕನಿಗೆ ಪಾತ್ರಕ್ಕಿಂತ ಹೆಚ್ಚು, ಕೊಲೆಗಾರನಿಗಿಂತ ಕಡಿಮೆ ಗೊತ್ತಿರಬೇಕು. ಈ ಅಂತರವನ್ನು ಕಾಯ್ದುಕೊಂಡು ಹೋಗುವುದೇ ಚಿತ್ರಕಥೆ ಬರೆಯುವವರ ಮುಖ್ಯ ಕೆಲಸ, ಮಿಕ್ಕ ಹೆಜ್ಜೆಗಳೆಲ್ಲ ಅದಕ್ಕೆ ಒದಗಿಬರುವಂಥವು.

ಬರೆಯುವ ಮುನ್ನ: ಮೂರು ಅಂಕಣಗಳ ಹಾಳೆ

ಮೊದಲು ಕೆಲವು ಚಿತ್ರಗಳನ್ನು ಕಾಲಕ್ರಮದಲ್ಲಿ ನೋಡುವುದು ಒಳ್ಳೆಯದು. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’ ಮತ್ತು ಬ್ರಿಟನ್ನಿನಲ್ಲಿ ಮೈಕೆಲ್ ಪೊವೆಲ್ ಅವರ ‘ಪೀಪಿಂಗ್ ಟಾಮ್’ ಬಂದವು. ಇಟಲಿಯ ಮಾರಿಯೋ ಬಾವಾ 1964 ಮತ್ತು 1971ರ ತಮ್ಮ ಎರಡು ಚಿತ್ರಗಳಲ್ಲಿ ಮುಖ ಮರೆಸಿಕೊಂಡ ಕೊಲೆಗಾರನನ್ನೂ ಸರಣಿ ಸಾವುಗಳನ್ನೂ ರೂಢಿಗೆ ತಂದರು. 1974ರಲ್ಲಿ ಕೆನಡಾದ ‘ಬ್ಲ್ಯಾಕ್ ಕ್ರಿಸ್ಮಸ್’ ಮತ್ತು ಅಮೆರಿಕದ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ತೆರೆಕಂಡವು. 1978ರಲ್ಲಿ ಜಾನ್ ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಬರೆದ ‘ಹ್ಯಾಲೋವೀನ್’ ಸುಮಾರು 3 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾಗಿ ಅದರ ಎಷ್ಟೋ ಪಟ್ಟು ಗಳಿಸಿತು. ಆ ಗಳಿಕೆಯನ್ನು ಕಂಡೇ 1980ರ ‘ಫ್ರೈಡೇ ದಿ 13ತ್’ ಮತ್ತು ಅದರ ಹಿಂದೆ ಹತ್ತಾರು ಚಿತ್ರಗಳು ಹುಟ್ಟಿದವು.

ಎಲ್ಲವನ್ನೂ ನೋಡಲು ಸಮಯವಿಲ್ಲದಿದ್ದರೆ ‘ಹ್ಯಾಲೋವೀನ್’ ಒಂದನ್ನೇ ಎರಡು ಸಲ ನೋಡಿ. ಎರಡನೆಯ ಸಲ ನೋಡುವಾಗ ಒಂದು ಹಾಳೆಯಲ್ಲಿ ‘ಪ್ರೇಕ್ಷಕ’, ‘ಪಾತ್ರ’, ‘ಕೊಲೆಗಾರ’ ಎಂದು ಮೂರು ಅಂಕಣ ಎಳೆದುಕೊಂಡು, ಪ್ರತಿ ದೃಶ್ಯದ ಕೊನೆಗೆ ಯಾರಿಗೆ ಯಾವ ಸಂಗತಿ ಗೊತ್ತಾಯಿತೆಂದು ಬರೆಯುತ್ತಾ ಹೋಗಿ. ಮುಂದೆ ನಿಮ್ಮ ಸ್ವಂತ ಚಿತ್ರಕಥೆಗೂ ಇದೇ ಹಾಳೆ ಬೇಕಾಗುತ್ತದೆ. ಯಾವುದಾದರೂ ದೃಶ್ಯದಲ್ಲಿ ಮೂರೂ ಅಂಕಣಗಳು ಒಂದೇ ರೀತಿ ತುಂಬಿದ್ದರೆ ಆ ದೃಶ್ಯದಲ್ಲಿ ಭಯ ಹುಟ್ಟುವುದಕ್ಕೆ ಎಡೆಯೇ ಇಲ್ಲವೆಂದು ತಿಳಿಯಬೇಕು.

ಒಂದನೆಯ ಹೆಜ್ಜೆ: ಜಾಗ ಮತ್ತು ದಿನ

ಕಥೆಗಿಂತ ಮೊದಲು ಜಾಗದ ನಕ್ಷೆ ಬರೆಯಬೇಕು. ಬೇಸಿಗೆ ಶಿಬಿರ, ವಿದ್ಯಾರ್ಥಿನಿಯರ ವಸತಿ ಮನೆ, ಗಣಿ, ಒಂದೇ ಬೀದಿಯ ಎರಡು ಎದುರುಬದುರು ಮನೆಗಳು: ಈ ಪ್ರಕಾರದ ಪ್ರಸಿದ್ಧ ಚಿತ್ರಗಳಲ್ಲಿ ಜಾಗವೇ ಅರ್ಧ ಕಥೆ ಹೇಳುತ್ತದೆ. ಬಾಗಿಲು ಎಷ್ಟು, ಮೆಟ್ಟಿಲು ಎಲ್ಲಿ, ಅಡುಗೆಮನೆಯಿಂದ ಹಿತ್ತಲು ಕಾಣುತ್ತದೆಯೇ, ಯಾವ ಕೋಣೆಯ ಚಿಲಕ ಸರಿಯಿಲ್ಲ ಎಂಬುದನ್ನು ಪ್ರೇಕ್ಷಕನಿಗೆ ಹಗಲಿನ ದೃಶ್ಯಗಳಲ್ಲೇ ಪರಿಚಯಿಸಿಬಿಡಬೇಕು. ರಾತ್ರಿ ಓಡುವವಳು ಎತ್ತ ಓಡಿದರೆ ಸಿಕ್ಕಿಬೀಳುತ್ತಾಳೆ ಎಂಬುದು ನೋಡುವವನಿಗೆ ಅವಳಿಗಿಂತ ಮೊದಲೇ ಹೊಳೆಯಬೇಕು. ಜಾಗದ ಪರಿಚಯವಿಲ್ಲದೆ ಓಡಾಟ ತೋರಿಸಿದರೆ ಪರದೆಯ ಮೇಲೆ ಗದ್ದಲವಷ್ಟೇ ಉಳಿಯುತ್ತದೆ.

ದಿನವೂ ಮುಖ್ಯ. ಹಬ್ಬ, ಹುಟ್ಟುಹಬ್ಬ, ಶಾಲೆಯ ಕೊನೆಯ ದಿನದಂಥ ಸಂದರ್ಭಗಳು ಈ ಚಿತ್ರಗಳ ಹೆಸರುಗಳಲ್ಲೇ ಸೇರಿಕೊಂಡಿವೆ. ಮಕ್ಕಳು ಮುಖವಾಡ ಹಾಕಿಕೊಂಡು ಮನೆಮನೆಗೆ ಹೋಗುವ ಹ್ಯಾಲೋವೀನ್ ದಿನ ಮುಖವಾಡ ತೊಟ್ಟ ಒಬ್ಬ ಮನುಷ್ಯ ಬೀದಿಯಲ್ಲಿ ನಿಂತಿದ್ದರೂ ಯಾರೂ ಬೆಚ್ಚುವುದಿಲ್ಲ. ದಿನದ ಆಯ್ಕೆಗೆ ಇಂಥ ಉಪಯೋಗವಿರಬೇಕು. ಕನ್ನಡದಲ್ಲಿ ಬರೆಯುವವರು ಅಮೆರಿಕದ ಆ ಹಬ್ಬವನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಎತ್ತಿ ತರುವ ಅಗತ್ಯವಿಲ್ಲ. ಪಟಾಕಿಯ ಸದ್ದಿನಲ್ಲಿ ಕೂಗು ಕೇಳಿಸದೆ ಹೋಗುವ ದೀಪಾವಳಿಯ ರಾತ್ರಿ, ಇಡೀ ಊರೇ ಜಾತ್ರೆಗೆ ಹೋಗಿ ಮನೆಗಳು ಖಾಲಿಯಿರುವ ಹೊತ್ತು, ಮಳೆಗಾಲದಲ್ಲಿ ಮರ ಬಿದ್ದು ದಾರಿ ಮುಚ್ಚಿದ ಮಲೆನಾಡಿನ ಒಂಟಿಮನೆ, ಇವೆಲ್ಲ ಅದೇ ಉಪಯೋಗಕ್ಕೆ ಬರುತ್ತವೆ.

ಇಲ್ಲಿಯೇ ಮೊಬೈಲ್ ಫೋನಿನ ಪ್ರಶ್ನೆಯನ್ನೂ ಇತ್ಯರ್ಥ ಮಾಡಿಕೊಳ್ಳಬೇಕು. ‘ಸಿಗ್ನಲ್ ಇಲ್ಲ’ ಎಂದು ಒಂದು ಮಾತಿನಲ್ಲಿ ತಳ್ಳಿಹಾಕುವುದು ಸುಲಭವಾದರೂ ಬಡ ಉಪಾಯ. ‘ಬ್ಲ್ಯಾಕ್ ಕ್ರಿಸ್ಮಸ್’ನಲ್ಲಿ ಕಾಡುವ ಕರೆಗಳು ಆ ಮನೆಯ ಒಳಗಿನಿಂದಲೇ ಬರುತ್ತಿವೆ ಎಂದು ಪೊಲೀಸರಿಗೆ ಗೊತ್ತಾಗುವ ಘಳಿಗೆಯನ್ನು ನೋಡಿ. ರಕ್ಷಣೆಗೆಂದು ಇರುವ ಸಾಧನವೇ ಅಲ್ಲಿ ಭಯದ ದಾರಿಯಾಗುತ್ತದೆ. 1996ರ ‘ಸ್ಕ್ರೀಮ್’ ಕೂಡ ಆರಂಭದಲ್ಲೇ ಫೋನನ್ನು ಹೀಗೆ ಬಳಸಿಕೊಂಡಿತು. ಫೋನನ್ನು ಕಥೆಯಿಂದ ಹೊರಗಿಡುವುದಕ್ಕಿಂತ ಒಳಗೆ ತಂದು ಕೊಲೆಗಾರನ ಕಡೆಗೆ ತಿರುಗಿಸುವುದು ಯಾವಾಗಲೂ ಹೆಚ್ಚು ಫಲ ಕೊಡುತ್ತದೆ.

ಎರಡನೆಯ ಹೆಜ್ಜೆ: ಹಿಂದೆ ನಡೆದ ತಪ್ಪು

ಬಹುತೇಕ ಸ್ಲ್ಯಾಷರ್ ಕಥೆಗಳು ಎರಡು ಕಾಲಗಳಲ್ಲಿ ನಿಂತಿವೆ. ಹಿಂದೆಂದೋ ಒಂದು ಅನಾಹುತ ನಡೆದಿದೆ, ಇಂದು ಅದರ ಬಾಕಿ ತೀರುತ್ತಿದೆ. ‘ಫ್ರೈಡೇ ದಿ 13ತ್’ನಲ್ಲಿ ಶಿಬಿರದ ಮೇಲ್ವಿಚಾರಕರ ನಿರ್ಲಕ್ಷ್ಯದಿಂದ 1957ರಲ್ಲಿ ಹುಡುಗನೊಬ್ಬ ಕೆರೆಯಲ್ಲಿ ಮುಳುಗಿದ್ದಾನೆ. 1981ರ ‘ಮೈ ಬ್ಲಡಿ ವ್ಯಾಲೆಂಟೈನ್’ನಲ್ಲಿ ಗಣಿಯ ಮೇಲ್ವಿಚಾರಕರು ಮೀಥೇನ್ ಪ್ರಮಾಣವನ್ನು ಪರೀಕ್ಷಿಸದೆ ನೃತ್ಯಕೂಟಕ್ಕೆ ಹೊರಟುಹೋದದ್ದರಿಂದ ಕಾರ್ಮಿಕರು ಸತ್ತಿದ್ದಾರೆ. 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನಲ್ಲಿ ತಂದೆತಾಯಿಗಳು ಕಾನೂನನ್ನು ಕೈಗೆತ್ತಿಕೊಂಡು ಒಬ್ಬನನ್ನು ಸುಟ್ಟಿದ್ದರ ಶಿಕ್ಷೆ ಮಕ್ಕಳ ನಿದ್ದೆಗೆ ಬರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಇಂದು ಸಾಯುವವರಲ್ಲಿ ಹೆಚ್ಚಿನವರು ಅಂದು ತಪ್ಪು ಮಾಡಿದವರಲ್ಲ. ಈ ಅನ್ಯಾಯವೇ ಕಥೆಗೆ ಕಹಿಯನ್ನು ಕೊಡುತ್ತದೆ.

ಹಳೆಯ ತಪ್ಪನ್ನು ಬರೆಯುವಾಗ ಅದನ್ನು ಒಂದೇ ವಾಕ್ಯಕ್ಕೆ ಇಳಿಸಿ ನೋಡಿ: ಯಾರು, ಯಾವ ಕರ್ತವ್ಯವನ್ನು, ಯಾಕೆ ಮರೆತರು? ಒಂದು ವಾಕ್ಯಕ್ಕೆ ಇಳಿಯದಿದ್ದರೆ ಅದು ತೆರೆಯ ಮೇಲೆ ಉದ್ದನೆಯ ವಿವರಣೆಯಾಗಿ ಕೊಲೆಗಾರನ ಬಾಯಲ್ಲಿ ಬರುತ್ತದೆ, ಕೊನೆಯ ಹತ್ತು ನಿಮಿಷಗಳು ಭಾಷಣವಾಗುತ್ತವೆ.

ಇದಕ್ಕೊಂದು ದೊಡ್ಡ ಅಪವಾದ ‘ಹ್ಯಾಲೋವೀನ್’. ಅಲ್ಲಿ 1963ರಲ್ಲಿ ಆರು ವರ್ಷದ ಮೈಕೆಲ್ ಮೈಯರ್ಸ್ ತನ್ನ ಅಕ್ಕನನ್ನು ಕೊಲ್ಲುತ್ತಾನೆ, ಯಾಕೆಂಬುದನ್ನು ಚಿತ್ರ ಹೇಳುವುದೇ ಇಲ್ಲ. ಕಾರಣವನ್ನು ಪೂರ್ತಿಯಾಗಿ ಬಿಟ್ಟುಬಿಡುವುದೂ ಒಂದು ದಾರಿ. ಅರೆಬರೆ ಕಾರಣ ಕೊಡುವುದು ಮಾತ್ರ ಎರಡೂ ಕಡೆ ಕೆಡುತ್ತದೆ.

ಮೂರನೆಯ ಹೆಜ್ಜೆ: ಕೊಲೆಗಾರ

ಮುಖವಾಡದ ಕೆಲಸ ಗುರುತನ್ನು ಮುಚ್ಚುವುದಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ಮುಖದಲ್ಲಿ ಭಾವನೆ ಕಾಣದಿದ್ದಾಗ ಮುಂದೇನು ಮಾಡುತ್ತಾನೆಂಬುದು ಊಹೆಗೆ ಸಿಗುವುದಿಲ್ಲ. ಹಾಳೆಯ ಮೂರನೆಯ ಅಂಕಣ ಪ್ರೇಕ್ಷಕನಿಗೆ ಮುಚ್ಚಿಯೇ ಉಳಿಯುತ್ತದೆ. ‘ಹ್ಯಾಲೋವೀನ್’ ತಂಡ ಎರಡು ಡಾಲರಿಗೂ ಕಡಿಮೆ ಬೆಲೆಗೆ ಕೊಂಡ, ನಟ ವಿಲಿಯಂ ಶಾಟ್ನರ್ ಅವರ ಮುಖದ ರಬ್ಬರ್ ಮುಖವಾಡಕ್ಕೆ ಬಿಳಿ ಬಣ್ಣ ಹೊಡೆದು ಕಣ್ಣಿನ ತೂತುಗಳನ್ನು ದೊಡ್ಡದು ಮಾಡಿತು. ದುಬಾರಿ ಮೇಕಪ್ಪಿನಿಂದ ಬಾರದ ಖಾಲಿತನ ಅದರಿಂದ ಬಂತು. ‘ಫ್ರೈಡೇ ದಿ 13ತ್’ನ ಮುಂದಿನ ಭಾಗಗಳ ಕೊಲೆಗಾರ ಜೇಸನ್‌ನ ಹಾಕಿ ಮುಖವಾಡವಂತೂ ಆ ಸರಣಿಗೆ ಸೇರಿದ್ದು 1982ರ ಮೂರನೆಯ ಭಾಗದಲ್ಲಿ.

ಆಯುಧ ಆ ಜಾಗಕ್ಕೆ ಸಹಜವಾದದ್ದಾಗಿರಲಿ. ಅಡುಗೆಮನೆಯ ಚಾಕು, ಗಣಿಯ ಗುದ್ದಲಿ, ಮರ ಕೊಯ್ಯುವ ಗರಗಸ. ಬಂದೂಕು ಈ ಪ್ರಕಾರಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅದು ದೂರದಿಂದ ಕೊಲ್ಲುತ್ತದೆ, ಇಲ್ಲಿ ಕೊಲೆಗಾರ ಹತ್ತಿರ ಬರಲೇಬೇಕು. ಅವನ ನಡಿಗೆಯನ್ನೂ ನಿರ್ಧರಿಸಿಕೊಳ್ಳಿ. ಓಡುವವಳ ಹಿಂದೆ ನಿಧಾನವಾಗಿ ನಡೆದುಬರುವವನು ಓಡಿಬರುವವನಿಗಿಂತ ಭಯಂಕರ, ಅವನಿಗೆ ಅವಸರವಿಲ್ಲ ಎಂಬುದೇ ಬೆದರಿಕೆ. ಮಾತಿನ ವಿಷಯದಲ್ಲಿ ಎರಡೂ ಮಾದರಿಗಳಿವೆ. ಮೈಕೆಲ್ ತುಟಿ ಬಿಚ್ಚುವುದಿಲ್ಲ, ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನ ಫ್ರೆಡ್ಡಿ ಕ್ರೂಗರ್ ಮಾತಾಡುತ್ತಲೇ ಕಾಡುತ್ತಾನೆ. ಮೊದಲ ಚಿತ್ರ ಬರೆಯುವವರಿಗೆ ನನ್ನ ಸಲಹೆ ಮೌನದ ಕಡೆಗೆ. ಮಾತಾಡುವ ಕೊಲೆಗಾರನಿಗೆ ಬಹಳ ಒಳ್ಳೆಯ ಸಂಭಾಷಣೆ ಬೇಕು, ಸ್ವಲ್ಪ ತಪ್ಪಿದರೂ ಅವನು ನಗೆಪಾಟಲಾಗುತ್ತಾನೆ.

ಕೊಲೆಗಾರ ಯಾರೆಂಬುದನ್ನು ಗುಟ್ಟಾಗಿ ಇಡುವುದಾದರೆ ಅವನನ್ನೋ ಅವಳನ್ನೋ ಮೊದಲ ಅರ್ಧದಲ್ಲೇ ಪ್ರೇಕ್ಷಕನ ಕಣ್ಣೆದುರು ಒಮ್ಮೆಯಾದರೂ ನಡೆದಾಡಿಸಬೇಕು. ‘ಫ್ರೈಡೇ ದಿ 13ತ್’ನಲ್ಲಿ ಕೊಲೆಗಾರ್ತಿ ಮುಳುಗಿದ ಹುಡುಗನ ತಾಯಿ. ಅವಳು ತೆರೆಯ ಮೇಲೆ ಬರುವುದೇ ಕೊನೆಯ ಭಾಗದಲ್ಲಿ, ಅಲ್ಲಿಯವರೆಗೆ ಊಹಿಸುತ್ತಾ ಕುಳಿತವನಿಗೆ ಅದು ನ್ಯಾಯವಾದ ಉತ್ತರವಲ್ಲ. ಚಿತ್ರ ಗೆದ್ದಿದೆ ನಿಜ. ಆದರೂ ಅದರ ಈ ಭಾಗವನ್ನು ಮಾದರಿಯಾಗಿ ಇಟ್ಟುಕೊಳ್ಳಬಾರದು.

ನಾಲ್ಕನೆಯ ಹೆಜ್ಜೆ: ಗುಂಪು

ಐದಾರು ಮಂದಿ ಸಾಕು. ಒಬ್ಬ ತಮಾಷೆಗಾರ, ಒಂದು ಪ್ರೇಮಿಗಳ ಜೋಡಿ, ಒಬ್ಬ ಅನುಮಾನದವನು ಎಂಬ ಹಳೆಯ ಪಟ್ಟಿಯಿಂದ ಶುರುಮಾಡಿದರೆ ತಪ್ಪಿಲ್ಲ, ಆದರೆ ಪ್ರತಿಯೊಬ್ಬರಿಗೂ ಆ ರಾತ್ರಿ ಮುಗಿಸಬೇಕಾದ ಒಂದು ಸಣ್ಣ ಕೆಲಸವನ್ನು ಕೊಡಿ. ಗೆಳೆಯನನ್ನು ಕರೆತರುವುದು, ಬಟ್ಟೆ ಒಗೆಯುವುದು, ಕಳೆದ ಕೀಲಿ ಹುಡುಕುವುದು. ಅವರು ಗುಂಪಿನಿಂದ ಬೇರೆಯಾಗಲು ಅದೇ ಸಕಾರಣವಾಗುತ್ತದೆ, ‘ನಾವು ಬೇರೆ ಬೇರೆ ಹೋಗೋಣ’ ಎಂಬ ಪೆದ್ದು ಮಾತನ್ನು ಯಾರ ಬಾಯಿಗೂ ತುರುಕಬೇಕಾಗುವುದಿಲ್ಲ.

ಐದನೆಯ ಹೆಜ್ಜೆ: ಕ್ಯಾಮೆರಾ ಯಾರ ಕಣ್ಣು?

‘ಹ್ಯಾಲೋವೀನ್’ ಸುಮಾರು ನಾಲ್ಕು ನಿಮಿಷಗಳ, ತುಂಡರಿಸದಂತೆ ತೋರುವ ಒಂದು ದೃಶ್ಯದಿಂದ ಆರಂಭವಾಗುತ್ತದೆ. ಕ್ಯಾಮೆರಾ ಹೊರಗಿನಿಂದ ಮನೆಯನ್ನು ನೋಡುತ್ತದೆ, ಕಿಟಕಿಯಲ್ಲಿ ಇಣುಕುತ್ತದೆ, ಹಿಂಬಾಗಿಲಿನಿಂದ ಒಳಗೆ ಬರುತ್ತದೆ, ಅಡುಗೆಮನೆಯಲ್ಲಿ ಚಾಕು ಎತ್ತಿಕೊಳ್ಳುತ್ತದೆ, ಮೆಟ್ಟಿಲು ಹತ್ತುತ್ತದೆ, ನೆಲದ ಮೇಲೆ ಬಿದ್ದಿದ್ದ ಕೋಡಂಗಿಯ ಮುಖವಾಡವನ್ನು ತೊಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ನಾವು ಎರಡು ತೂತುಗಳ ಮೂಲಕವಷ್ಟೇ ನೋಡುತ್ತೇವೆ. ಕೊಲೆ ಮುಗಿದು ಅಂಗಳಕ್ಕೆ ಬಂದಾಗ ತಂದೆ ಬಂದು ಮುಖವಾಡ ಕಿತ್ತರೆ, ಕ್ಯಾಮೆರಾ ಮೊದಲ ಸಲ ತಿರುಗಿ ಆ ಮುಖವನ್ನು ತೋರಿಸುತ್ತದೆ: ಕೈಯಲ್ಲಿ ಚಾಕು ಹಿಡಿದ ಒಬ್ಬ ಪುಟ್ಟ ಹುಡುಗ.

ಈ ನಾಲ್ಕು ನಿಮಿಷಗಳಲ್ಲಿ ಕೊಲೆಗಾರ ಕಂಡದ್ದನ್ನೆಲ್ಲ ನಾವೂ ಕಂಡೆವು, ಆದರೂ ಅವನು ಯಾರೆಂಬ ಮುಖ್ಯ ಸಂಗತಿ ನಮಗೆ ತಿಳಿದಿರಲಿಲ್ಲ. ಕೊಲೆಗಾರನ ಕಣ್ಣಿನ ಶಾಟ್ ಈ ಪ್ರಕಾರದ ಗುರುತಾದದ್ದು ಹೀಗೆ. ಆದರೆ ಅದನ್ನು ಅನುಕರಿಸಿದವರು ಅನೇಕ ಸಲ ಮರೆತ ವಿಷಯವೊಂದಿದೆ. ಆರಂಭದ ಆ ದೃಶ್ಯದ ಬಳಿಕ ‘ಹ್ಯಾಲೋವೀನ್’ ಮೈಕೆಲ್‌ನನ್ನು ಹೆಚ್ಚಾಗಿ ಹೊರಗಿನಿಂದಲೇ ತೋರಿಸುತ್ತದೆ. ಬೇಲಿಯ ಪಕ್ಕದಲ್ಲಿ, ಒಣಗಲು ಹಾಕಿದ ಬಟ್ಟೆಗಳ ನಡುವೆ, ಚೌಕಟ್ಟಿನ ಒಂದು ಮೂಲೆಯಲ್ಲಿ ಅವನು ಸುಮ್ಮನೆ ನಿಂತಿರುತ್ತಾನೆ. ಮುಂದಿರುವ ಪಾತ್ರ ಮಾತಾಡುತ್ತಿರುವಾಗ ಹಿಂದಿನ ಕತ್ತಲಲ್ಲಿ ಏನಾದರೂ ಕದಲಿತೇ ಎಂದು ಹುಡುಕುವ ಅಭ್ಯಾಸ ನಮ್ಮ ಕಣ್ಣಿಗೆ ಬಂದುಬಿಡುತ್ತದೆ. ಒಮ್ಮೆ ಈ ಅಭ್ಯಾಸ ಬಂದ ಮೇಲೆ ಖಾಲಿ ಚೌಕಟ್ಟೂ ಹೆದರಿಸುತ್ತದೆ. ಆದ್ದರಿಂದ ಕೊಲೆಗಾರನ ಕಣ್ಣಿನ ಶಾಟ್ ಅನ್ನು ಕಿರುಚಿತ್ರದಲ್ಲಿ ಒಂದು, ಹೆಚ್ಚೆಂದರೆ ಎರಡು ಸಲ ಬಳಸಿ, ಉಳಿದ ಹೊತ್ತು ಅಗಲವಾದ ಚೌಕಟ್ಟಿನಲ್ಲಿ ಪಾತ್ರದ ಹಿಂದೆ ಒಂದಿಷ್ಟು ಖಾಲಿ ಜಾಗವನ್ನು ಬಿಡಿ.

ಆರನೆಯ ಹೆಜ್ಜೆ: ಸಾವುಗಳ ಕ್ರಮ

ಒಂದು ಸಾವನ್ನು ಹೇಗೆ ಕಟ್ಟಬೇಕೆಂಬುದಕ್ಕೆ ನಾನು ಮತ್ತೆ ಮತ್ತೆ ಹಿಂದಿರುಗುವುದು ‘ಹ್ಯಾಲೋವೀನ್’ನಲ್ಲಿ ಆ್ಯನಿಯ ಕಾರಿನ ದೃಶ್ಯಕ್ಕೆ. ಗೆಳೆಯನನ್ನು ಕರೆತರಲು ಹೊರಟ ಅವಳು ಕಾರಿನ ಬಾಗಿಲು ಎಳೆಯುತ್ತಾಳೆ, ಬೀಗ ಹಾಕಿದೆ. ಕೀಲಿ ತರಲು ಮನೆಯೊಳಗೆ ಹೋಗಿ ಹಾಡು ಗುನುಗುತ್ತಾ ಹಿಂದಿರುಗುತ್ತಾಳೆ. ಈ ಸಲ ಕೀಲಿ ಹಾಕದೆಯೇ ಬಾಗಿಲು ತೆರೆದುಕೊಳ್ಳುತ್ತದೆ. ಅವಳು ಅದನ್ನು ಗಮನಿಸದೆ ಒಳಗೆ ಕೂರುತ್ತಾಳೆ. ಮುಂದಿನ ಗಾಜು ಒಳಗಿನಿಂದ ಮಂಜಾಗಿರುವುದು ಕಂಡು, ಯಾಕಿರಬಹುದೆಂದು ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಅದು ಉಸಿರಿನ ಮಂಜು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಕೈ ಬರುತ್ತದೆ.

ಮೂರು ಅಂಕಣಗಳನ್ನು ಇದಕ್ಕೆ ಹೊಂದಿಸಿ ನೋಡಿ. ಬಾಗಿಲು ತೆರೆದ ಕೂಡಲೇ ಎಚ್ಚರವಾಗಿರುವ ಪ್ರೇಕ್ಷಕನಿಗೆ ಸುಳಿವು ಸಿಕ್ಕಿತು, ಆ್ಯನಿಗೆ ಸಿಗಲಿಲ್ಲ. ಮಂಜು ಕಂಡಾಗ ಅವಳ ಅಂಕಣವೂ ತುಂಬತೊಡಗಿತು. ಅದು ಪೂರ್ತಿ ತುಂಬಿದ ಕ್ಷಣವೇ ಅವಳ ಕೊನೆಯ ಕ್ಷಣ. ಇಲ್ಲಿ ರಕ್ತ ಬಹಳ ಕಡಿಮೆ, ಇಡೀ ಚಿತ್ರದಲ್ಲೇ ಕಡಿಮೆ. ಆ ದೃಶ್ಯದ ಬಲವೆಲ್ಲ ಒಂದು ಬೀಗ ಮತ್ತು ಒಂದು ಗಾಜಿನಿಂದ ಬಂದದ್ದು.

ಮೊದಲ ಸಾವು ಬೇಗ ಬರಲಿ, ಇದು ಸುಳ್ಳು ಬೆದರಿಕೆಯಲ್ಲ ಎಂದು ನೋಡುವವನಿಗೆ ಖಾತ್ರಿಯಾಗಬೇಕು. ‘ಸ್ಕ್ರೀಮ್’ ತನ್ನ ಹೆಸರಾಂತ ನಟಿ ಡ್ರೂ ಬ್ಯಾರಿಮೋರ್ ಅವರ ಪಾತ್ರವನ್ನು ಮೊದಲ ದೃಶ್ಯದಲ್ಲೇ ಕೊಂದಿತು, ‘ಸೈಕೋ’ ತನ್ನ ನಾಯಕಿಯನ್ನು ಅರ್ಧ ದಾರಿಗೂ ಮುನ್ನವೇ ಕಳೆದುಕೊಂಡಿತು. ಅದರ ಬಳಿಕ ಒಂದು ದೀರ್ಘ ವಿರಾಮ ಬೇಕು. ಪ್ರತಿ ಸಾವೂ ಬೇರೆ ಲಯದಲ್ಲಿರಬೇಕು: ಒಂದು ನಿರೀಕ್ಷಿಸಿದಾಗ ಬಾರದು, ಇನ್ನೊಂದು ನಗುವಿನ ನಡುವೆ ಬರಬೇಕು, ಒಂದನ್ನು ತೋರಿಸದೆ ಹೆಣವನ್ನಷ್ಟೇ ಆಮೇಲೆ ಕಾಣಿಸಬೇಕು.

ರಕ್ತದ ಬಗ್ಗೆ ಸಣ್ಣದೊಂದು ಎಚ್ಚರಿಕೆ. ಮೇಕಪ್ ಕಲಾವಿದ ಟಾಮ್ ಸವೀನಿ ‘ಫ್ರೈಡೇ ದಿ 13ತ್’ಗಾಗಿ ಮಂಚದ ರಂಧ್ರದಿಂದ ನಟನ ತಲೆಯನ್ನು ಹೊರತಂದು, ಕೃತಕ ಕುತ್ತಿಗೆ ಮತ್ತು ಎದೆಯನ್ನು ಜೋಡಿಸಿ ಬಾಣ ಚುಚ್ಚಿದಂತೆ ಮಾಡಿದರು. ಅಂಥ ಕೌಶಲವಿಲ್ಲದಿದ್ದರೆ ಗಾಯವನ್ನು ಹತ್ತಿರದಿಂದ ತೋರಿಸಬೇಡಿ. ಚಿತ್ರೀಕರಣದಲ್ಲಿ ನಿಜವಾದ ಚಾಕುವನ್ನು ಯಾವ ಕಾರಣಕ್ಕೂ ನಟರ ಹತ್ತಿರ ತರಬೇಡಿ, ರಬ್ಬರಿನದನ್ನೇ ಬಳಸಿ. ರಾತ್ರಿ ಮುಖವಾಡ ತೊಟ್ಟವನನ್ನು ಬೀದಿಯಲ್ಲಿ ನಿಲ್ಲಿಸುವ ಮೊದಲು ಅಕ್ಕಪಕ್ಕದವರಿಗೂ ಸ್ಥಳೀಯ ಪೊಲೀಸ್ ಠಾಣೆಗೂ ತಿಳಿಸಿ. ಚಿತ್ರಮಂದಿರಕ್ಕೆ ಹೋಗುವ ಉದ್ದೇಶವಿದ್ದರೆ ಇಂಥ ಕಥೆಗೆ ‘ಎ’ ಪ್ರಮಾಣಪತ್ರ, ಅಂದರೆ 18 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ ಎಂಬ ಷರತ್ತು, ಬರುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆಯಬೇಕು.

ಏಳನೆಯ ಹೆಜ್ಜೆ: ಕೊನೆಗೆ ಉಳಿಯುವವಳು

ಕೊನೆಯಲ್ಲಿ ಬದುಕುಳಿದು ಕೊಲೆಗಾರನನ್ನು ಎದುರಿಸುವ ಹುಡುಗಿಗೆ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟವರು ಅಮೆರಿಕದ ವಿದ್ವಾಂಸೆ ಕ್ಯಾರಲ್ ಕ್ಲೋವರ್, 1987ರ ಒಂದು ಪ್ರಬಂಧದಲ್ಲಿ. 1992ರ ಅವರ ಪುಸ್ತಕ ಈ ಚರ್ಚೆಯನ್ನು ಇನ್ನಷ್ಟು ಬೆಳೆಸಿತು. ಆರಂಭದಲ್ಲಿ ಕೊಲೆಗಾರನ ಕಣ್ಣಿನಿಂದ ನೋಡುತ್ತಿದ್ದ ಪ್ರೇಕ್ಷಕ, ಗಂಡಸೇ ಆಗಿದ್ದರೂ, ಕೊನೆಗೆ ಅವಳ ಪಕ್ಷಕ್ಕೆ ಬಂದು ಅವಳ ಕಣ್ಣಿನಿಂದ ನೋಡತೊಡಗುತ್ತಾನೆ ಎಂಬುದು ಅವರ ಮುಖ್ಯ ಒಳನೋಟ. ಬರೆಯುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಚಿತ್ರದ ಮಧ್ಯಭಾಗದಿಂದಾಚೆಗೆ ನೋಟವನ್ನು ಹಂತಹಂತವಾಗಿ ಅವಳಿಗೆ ವರ್ಗಾಯಿಸಬೇಕು.

ಪ್ರೇಮ ಮಾಡಿದವರು, ಮದ್ಯ ಕುಡಿದವರು ಸಾಯುತ್ತಾರೆ, ಶೀಲವಂತೆ ಉಳಿಯುತ್ತಾಳೆ ಎಂಬ ನಿಯಮವನ್ನು ‘ಸ್ಕ್ರೀಮ್’ನ ಪಾತ್ರವೊಂದು ಗಟ್ಟಿಯಾಗಿಯೇ ಹೇಳಿತು. ಅದನ್ನು ಕಣ್ಣುಮುಚ್ಚಿ ಪಾಲಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ‘ಬ್ಲ್ಯಾಕ್ ಕ್ರಿಸ್ಮಸ್’ನ ಜೆಸ್ ಗರ್ಭಿಣಿ, ಗರ್ಭಪಾತ ಮಾಡಿಸಿಕೊಳ್ಳುವುದಾಗಿ ಪ್ರಿಯಕರನಿಗೆ ನೇರವಾಗಿ ಹೇಳಿದವಳು. ‘ಹ್ಯಾಲೋವೀನ್’ನ ಲಾರಿ ಕೂಡ ಗೆಳತಿಯ ಕಾರಿನಲ್ಲಿ ಕುಳಿತು ಗಾಂಜಾ ಸೇದುತ್ತಾಳೆ. ಅವಳನ್ನು ಉಳಿಸಿದ್ದು ಗಮನಿಸುವ ಗುಣ. ಬೇಲಿಯ ಪಕ್ಕದ ಆಕೃತಿಯನ್ನು, ತರಗತಿಯ ಕಿಟಕಿಯಾಚೆ ನಿಂತ ಕಾರನ್ನು ಅವಳು ಹಗಲಿನಲ್ಲೇ ನೋಡಿದ್ದಳು, ಗೆಳತಿಯರು ನಕ್ಕು ತಳ್ಳಿಹಾಕಿದರು. ಪ್ರೇಕ್ಷಕನಿಗೂ ಅವಳಿಗೂ ನಡುವಿನ ತಿಳಿವಳಿಕೆಯ ಅಂತರ ಎಲ್ಲರಿಗಿಂತ ಚಿಕ್ಕದು. ನಿಮ್ಮ ನಾಯಕಿಯನ್ನು ನೀತಿಯಿಂದ ಅಳೆಯಬೇಡಿ, ಅವಳ ಕಣ್ಣು ಎಷ್ಟು ಚುರುಕೆಂಬುದನ್ನು ಬರೆಯಿರಿ. ಹೆಣ್ಣುಮಕ್ಕಳ ಸಾವನ್ನಷ್ಟೇ ಎಳೆದೆಳೆದು ತೋರಿಸುವ ಚಿತ್ರಗಳ ಮೇಲೆ 1980ರಲ್ಲೇ ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ಕಟುವಾಗಿ ಮಾತಾಡಿದ್ದರು. ಆ ಆಕ್ಷೇಪದಲ್ಲಿ ಹುರುಳಿದೆ.

ಅವಳ ಹೋರಾಟ ಕೈಗೆ ಸಿಕ್ಕಿದ ವಸ್ತುಗಳಿಂದ ನಡೆಯಲಿ. ಲಾರಿ ಮೊದಲು ಹೆಣಿಗೆಯ ಸೂಜಿಯನ್ನು ಬಳಸುತ್ತಾಳೆ. ಆಮೇಲೆ ಬಟ್ಟೆಯ ಕಪಾಟಿನಲ್ಲಿ ಅಡಗಿ, ಅವನು ಬಾಗಿಲ ಪಟ್ಟಿಗಳನ್ನು ಒಡೆಯುತ್ತಿರುವಾಗ, ತಂತಿಯ ಹ್ಯಾಂಗರನ್ನು ನೇರ ಮಾಡಿ ಅವನ ಕಣ್ಣಿಗೆ ಚುಚ್ಚುತ್ತಾಳೆ.

ಎಂಟನೆಯ ಹೆಜ್ಜೆ: ಮುಗಿಯದ ಮುಕ್ತಾಯ

ಕೊಲೆಗಾರ ಒಮ್ಮೆ ಸತ್ತಂತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಲಾರಿ ಬಾಗಿಲಿಗೆ ಒರಗಿ ಸುಧಾರಿಸಿಕೊಳ್ಳುತ್ತಿರುವಾಗ ಅವಳ ಹಿಂದೆ, ಸ್ಪಷ್ಟವಾಗಿ ಕಾಣದಷ್ಟು ದೂರದಲ್ಲಿ, ಅವನು ಸದ್ದಿಲ್ಲದೆ ಎದ್ದು ಕೂರುತ್ತಾನೆ. ಈ ತಿರುವನ್ನು ಒಂದೇ ಸಲ ಬಳಸಿದರೆ ಚೆನ್ನ. ಕೊನೆಯಲ್ಲಿ ಗುಂಡೇಟು ತಿಂದು ಮಹಡಿಯಿಂದ ಬಿದ್ದವನ ದೇಹ ಕೆಳಗೆ ಕಾಣುವುದಿಲ್ಲ. ಬಳಿಕ ಚಿತ್ರ ನಾವು ಆ ರಾತ್ರಿ ಕಂಡ ಕೋಣೆಗಳನ್ನೂ ಮೆಟ್ಟಿಲುಗಳನ್ನೂ ಒಂದೊಂದಾಗಿ ಖಾಲಿಯಾಗಿ ತೋರಿಸುತ್ತದೆ, ಮೇಲೆ ಅವನ ಉಸಿರಿನ ಸದ್ದು. ಮೊದಲ ಹೆಜ್ಜೆಯಲ್ಲಿ ಜಾಗದ ನಕ್ಷೆಗೆ ಪಟ್ಟ ಶ್ರಮ ಇಲ್ಲಿ ಫಲ ಕೊಡುತ್ತದೆ. ಎರಡನೆಯ ಭಾಗಕ್ಕೆ ದಾರಿ ಬಿಡಲೆಂದಷ್ಟೇ ಕೊಲೆಗಾರನನ್ನು ಎಬ್ಬಿಸುವುದು ಬೇಡ.

ಒಂಬತ್ತನೆಯ ಹೆಜ್ಜೆ: ಸದ್ದು

‘ಹ್ಯಾಲೋವೀನ್’ ನಿರ್ದೇಶಕ ಕಾರ್ಪೆಂಟರ್ ತಮ್ಮ ಚಿತ್ರವನ್ನು ಸಂಗೀತ ಮತ್ತು ಧ್ವನಿ ಪರಿಣಾಮಗಳನ್ನು ಸೇರಿಸುವ ಮೊದಲು ಸ್ಟುಡಿಯೋ ಒಂದರ ಅಧಿಕಾರಿಗೆ ತೋರಿಸಿದಾಗ ಆಕೆಗೆ ಒಂದಿಷ್ಟೂ ಭಯವಾಗಲಿಲ್ಲವೆಂದು ಸ್ವತಃ ಹೇಳಿಕೊಂಡಿದ್ದಾರೆ. ಆಮೇಲೆ ಅವರೇ ಪಿಯಾನೋದಲ್ಲಿ ಐದು ಎಣಿಕೆಯ ಲಯದಲ್ಲಿ ಕಟ್ಟಿದ ಆ ಸರಳ ಸ್ವರಮಾಲೆ ಚಿತ್ರದ ಗುರುತಾಯಿತು. ‘ಸೈಕೋ’ದ ಸ್ನಾನಗೃಹದ ದೃಶ್ಯಕ್ಕೆ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನು ಕಿರುಚಿಸಿದ್ದೂ, ‘ಫ್ರೈಡೇ ದಿ 13ತ್’ಗೆ ಹ್ಯಾರಿ ಮ್ಯಾನ್‌ಫ್ರೆಡಿನಿ ಪಿಸುದನಿಯ ಅಕ್ಷರಗಳನ್ನು ಪ್ರತಿಧ್ವನಿಸಿದ್ದೂ ಇದೇ ಸಾಲಿನವು. ಮ್ಯಾನ್‌ಫ್ರೆಡಿನಿ ಆ ಸಂಗೀತವನ್ನು ಕೊಲೆಗಾರ್ತಿ ನಿಜವಾಗಿ ಹತ್ತಿರವಿದ್ದಾಗ ಮಾತ್ರ ಬಳಸಿದರು. ನೀವೂ ಕೊಲೆಗಾರನಿಗೆ ಒಂದು ಸದ್ದನ್ನು ಗೊತ್ತುಮಾಡಿ, ಚಿತ್ರಕಥೆಯ ಹಾಳೆಯಲ್ಲೇ ಅದು ಎಲ್ಲಿ ಬರುತ್ತದೆ, ಎಲ್ಲಿ ಬರಬಾರದು ಎಂದು ಗುರುತು ಹಾಕಿ. ಮೊದಲ ಸಂಕಲನವನ್ನು ಹೊರಗಿನವರಿಗೆ ತೋರಿಸುವ ಮುನ್ನ ತಾತ್ಕಾಲಿಕವಾಗಿಯಾದರೂ ಆ ಸದ್ದುಗಳನ್ನು ಸೇರಿಸಿಕೊಳ್ಳಿ, ಇಲ್ಲವಾದರೆ ಅವರ ಅಭಿಪ್ರಾಯವನ್ನು ನಂಬಿ ದೃಶ್ಯಗಳನ್ನು ಕತ್ತರಿಸಲು ಹೋಗಬೇಡಿ.